ಗೊಬ್ಬರ ಹಾಕಿದಷ್ಟೂ ಹಳದಿಯಾಗುತ್ತಿರುವ ಗುಲಾಬಿ

ತಾರಸಿ ತೋಟ, ಬೆಂಗಳೂರು:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ತಾರಸಿಯಲ್ಲಿ 12 ಅಂಗುಲದ ಕುಂಡಗಳಲ್ಲಿ ಎಂಟು ಗುಲಾಬಿ ಗಿಡಗಳಿವೆ. ಒಂದು ಪನ್ನೀರು ಗುಲಾಬಿ, ಎರಡು ಬಟನ್, ಉಳಿದವು ದೊಡ್ಡ ಹೂ ಬಿಡುವ ಹೈಬ್ರಿಡ್ ಟೀ ಜಾತಿಯವು. ಕಳೆದ ವರ್ಷ ಧಾರಾಳವಾಗಿ ಹೂ ಬಿಟ್ಟಿದ್ದರಿಂದ ಈ ಸಲ ಇನ್ನಷ್ಟು ಬಿಡಲಿ ಎಂಬ ಆಸೆಗೆ ವಾರಕ್ಕೊಮ್ಮೆ ಕಡಲೆಕಾಯಿ ಹಿಂಡಿಯ ನೀರು, ಹದಿನೈದು ದಿನಕ್ಕೊಮ್ಮೆ ಒಂದು ಚಮಚ ಡಿಎಪಿ ರಸಗೊಬ್ಬರ, ನಡುನಡುವೆ ಮೊಟ್ಟೆ ಚಿಪ್ಪಿನ ಪುಡಿ ಹಾಕುತ್ತ ಬಂದೆ. ಈಗ ಚಿಗುರೆಲೆಗಳು ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿ, ನರಗಳು ಮಾತ್ರ ಹಸಿರಾಗಿ ಉಳಿದಿವೆ. ಮೊಗ್ಗುಗಳು ಅಂಚು ಸುಟ್ಟಂತೆ ಕಂದಾಗಿ ಅರಳದೆ ನಿಲ್ಲುತ್ತವೆ. ನೀರು ಕೊಳವೆಬಾವಿಯದು. ಗೊಬ್ಬರದ ಅಂಗಡಿಯವರು ಎಲುಬಿನ ಪುಡಿ ಹಾಕಲು ಹೇಳಿದ್ದಾರೆ. ಹಾಕಬಹುದೇ?

ಕೆಂಪುಮಣ್ಣು, ದೊಡ್ಡಬಳ್ಳಾಪುರ:
ದಯವಿಟ್ಟು ಹಾಕಬೇಡಿ. ನಿಮ್ಮ ಗಿಡಕ್ಕೆ ಇರುವುದು ಹಸಿವಲ್ಲ, ಅಜೀರ್ಣ. ಸಾರಜನಕ ಕಡಿಮೆಯಾದರೆ ಮೊದಲು ಹಣ್ಣಾಗುವುದು ಬುಡದ ಹಳೆಯ ಎಲೆಗಳು. ತುದಿಯ ಚಿಗುರು ಹಳದಿಯಾಗಿ ನರ ಹಸಿರಾಗಿ ಉಳಿದರೆ ಅದು ಸಾಮಾನ್ಯವಾಗಿ ಕಬ್ಬಿಣದ ಕೊರತೆ. ಕಬ್ಬಿಣ ಮಣ್ಣಿನಲ್ಲಿ ಇಲ್ಲವೆಂದೇನೂ ಅಲ್ಲ. ಕೊಳವೆಬಾವಿಯ ಗಡಸು ನೀರನ್ನು ತಿಂಗಳುಗಟ್ಟಲೆ ಹನಿಸಿದಾಗ ಕುಂಡದ ಮಣ್ಣು ಕ್ಷಾರವಾಗುತ್ತದೆ, ಆ ಮಣ್ಣಿನಲ್ಲಿ ಕಬ್ಬಿಣ ಕರಗದೆ ಬೇರಿಗೆ ಎಟುಕದಂತಾಗುತ್ತದೆ. ಗುಲಾಬಿಗೆ ಹಿತವಾದ ರಸಸಾರ (ಮಣ್ಣಿನ ಹುಳಿ-ಕ್ಷಾರದ ಅಳತೆ, pH) 6ರಿಂದ 6.5. ಮೊಟ್ಟೆ ಚಿಪ್ಪು ಸುಣ್ಣವೇ ಆದ್ದರಿಂದ ನೀವು ಅದೇ ತೊಂದರೆಯನ್ನು ಕೈಯಾರೆ ಹೆಚ್ಚಿಸಿದ್ದೀರಿ. ಡಿಎಪಿಯಲ್ಲಿ ರಂಜಕ ಹೇರಳವಾಗಿದೆ. ಅದು ಅತಿಯಾದರೂ ಕಬ್ಬಿಣ ಸಿಗದಂತೆ ತಡೆಯುತ್ತದೆ. ಎಲುಬಿನ ಪುಡಿಯೂ ರಂಜಕ ಮತ್ತು ಸುಣ್ಣವೇ, ಜೊತೆಗೆ ಕ್ಷಾರ ಮಣ್ಣಿನಲ್ಲಿ ಅದು ಕರಗುವುದೇ ಕಷ್ಟ.

ಕುಂಡದ ಅಂಚಿನಲ್ಲಿ ಉಪ್ಪಿನಂತೆ ಬಿಳಿ ಪಟ್ಟೆ ಕಟ್ಟಿದೆಯೇ ನೋಡಿ. ಕಟ್ಟಿದ್ದರೆ ಮಳೆನೀರು ಹಿಡಿದಿಟ್ಟು, ತಳದ ತೂತಿನಿಂದ ಚೆನ್ನಾಗಿ ಹರಿದುಹೋಗುವವರೆಗೆ ಎರಡು ಮೂರು ಬಾರಿ ಸುರಿಯಿರಿ. ಒಂದು ತಿಂಗಳು ಯಾವ ಗೊಬ್ಬರವೂ ಬೇಡ. ಚಿಲೇಟೆಡ್ ಕಬ್ಬಿಣ (ಬೇರಿಗೆ ಸಿಗುವಂತೆ ಕರಗಿದ ರೂಪದಲ್ಲೇ ಹಿಡಿದಿಟ್ಟ ಕಬ್ಬಿಣ) ಕೊಳ್ಳುವುದಾದರೆ, ಕ್ಷಾರ ಮಣ್ಣಿನಲ್ಲೂ ಕೆಲಸ ಮಾಡುವ ಇಡಿಡಿಎಚ್ಎ (EDDHA) ರೂಪದ್ದನ್ನೇ ಕೇಳಿ ಪಡೆಯಿರಿ. ಅನ್ನಭೇದಿಯನ್ನು (ಫೆರಸ್ ಸಲ್ಫೇಟ್) ಕ್ಷಾರ ಮಣ್ಣಿಗೆ ಹಾಕಿದರೆ ಬಹುಬೇಗ ನಿಷ್ಪ್ರಯೋಜಕವಾಗುತ್ತದೆ.

ಹೂಬಾಳು, ಮೈಸೂರು:
ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಮೊಗ್ಗಿನ ಕಂದು ಅಂಚಿಗೂ ಗೊಬ್ಬರಕ್ಕೂ ನೇರ ಸಂಬಂಧವಿದ್ದಂತಿಲ್ಲ. ಒಂದು ಮೊಗ್ಗನ್ನು ಕಿತ್ತು ಬಿಳಿ ಕಾಗದದ ಮೇಲೆ ತಟ್ಟಿ ನೋಡಿ. ಜೀರಿಗೆಗಿಂತಲೂ ಸಣ್ಣನೆಯ, ದಾರದ ತುಣುಕಿನಂತಹ ಹುಳುಗಳು ಸರಸರನೆ ಓಡಾಡಿದರೆ ಅವು ಥ್ರಿಪ್ಸ್. ಎಸಳಿನ ಮಡಿಕೆಯೊಳಗೆ ಕುಳಿತು ರಸ ಹೀರುವುದರಿಂದ ಹೊರಗೆ ಸಿಂಪಡಿಸಿದ್ದು ಅವಕ್ಕೆ ತಾಗುವುದೇ ಕಡಿಮೆ. ಆದ್ದರಿಂದ ಕೆಟ್ಟ ಮೊಗ್ಗುಗಳನ್ನು ಕತ್ತರಿಸಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎಸೆಯಿರಿ, ಕಾಂಪೋಸ್ಟಿಗೆ ಹಾಕಬೇಡಿ. ಉಳಿದ ಗಿಡಕ್ಕೆ ಲೀಟರಿಗೆ 5 ಮಿ.ಲೀ. ಬೇವಿನೆಣ್ಣೆಯನ್ನು ಸ್ವಲ್ಪ ಸೋಪಿನ ನೀರಿನೊಂದಿಗೆ ಕದಡಿ, ಬಿಸಿಲಿಳಿದ ಮೇಲೆ ವಾರಕ್ಕೊಮ್ಮೆ ಸಿಂಪಡಿಸಿ. ಸಾರಜನಕ ಹೆಚ್ಚಾಗಿ ಚಿಗುರು ಮೆತ್ತಗಾದಷ್ಟೂ ರಸ ಹೀರುವ ಹುಳುಗಳಿಗೆ ಹಬ್ಬ. ಹಾಗೆ ನೋಡಿದರೆ ನಿಮ್ಮ ಹಿಂಡಿ ನೀರಿನ ಪಾಲೂ ಇದರಲ್ಲಿರಬಹುದು.

ತಾರಸಿ ತೋಟ, ಬೆಂಗಳೂರು:
ಇಬ್ಬರಿಗೂ ಧನ್ಯವಾದಗಳು. ಬಿಳಿ ಪಟ್ಟೆ ಇದೆ, ಹುಳುಗಳೂ ಕಂಡವು. ಇನ್ನೊಂದು ವಿಷಯ: ತೀರಾ ಸೊರಗಿದ್ದ ಒಂದು ಗಿಡವನ್ನು ಕುಂಡದಿಂದ ಬಿಡಿಸಿದಾಗ, ಸುತ್ತಲಿನ ಮಣ್ಣು ತೇವವಾಗಿದ್ದರೂ ನಡುವೆ ತೆಂಗಿನಕಾಯಿ ಗಾತ್ರದ ಜೇಡಿಮಣ್ಣಿನ ಉಂಡೆ ಒಣಗಿ ಕಲ್ಲಾಗಿತ್ತು. ಬೇರುಗಳೆಲ್ಲ ಅದರೊಳಗೇ ಇವೆ. ಅಕ್ಟೋಬರಿನಲ್ಲಿ ಗಿಡ ಸವರುವಾಗ ಇದನ್ನೂ ಸರಿಪಡಿಸಬಹುದೇ?

ಕೆಂಪುಮಣ್ಣು, ದೊಡ್ಡಬಳ್ಳಾಪುರ:
ಅದು ದೂರದಿಂದ ಸಾಗಿಸುವಾಗ ಬೇರು ಅಲುಗಾಡದಿರಲೆಂದು ನರ್ಸರಿಯವರು ಮೆತ್ತುವ ಜಿಗುಟು ಮಣ್ಣು. ಹಾಗೇ ನೆಟ್ಟರೆ ಸುರಿದ ನೀರು ಉಂಡೆಯನ್ನು ಬಳಸಿಕೊಂಡು ಸುತ್ತಲಿನ ಹಗುರ ಮಣ್ಣಿನಲ್ಲೇ ಇಳಿದುಹೋಗುತ್ತದೆ. ಬಕೆಟ್ ನೀರಿನಲ್ಲಿ ಅರ್ಧ ಗಂಟೆ ನೆನೆಯಲು ಬಿಟ್ಟು, ಬೇರು ಹರಿಯದಂತೆ ಬೆರಳಿನಿಂದ ಬಿಡಿಸಿ ತೆಗೆಯಿರಿ. ಪೂರ್ತಿ ಹೋಗದಿದ್ದರೂ ಮುಕ್ಕಾಲು ಪಾಲು ಹೋದರೆ ಸಾಕು. ಮರು ನೆಡುವಾಗ ಕಸಿಯ ಗಂಟು ಮಣ್ಣಿನಿಂದ ಎರಡು ಬೆರಳು ಮೇಲಿರಲಿ. ಗಂಟಿನ ಕೆಳಗಿನಿಂದ ಚಿಗುರು ಬಂದರೆ, ಎಷ್ಟೇ ಹುಲುಸಾಗಿ ಕಂಡರೂ, ಬುಡದಲ್ಲೇ ಕಿತ್ತುಬಿಡಿ. ಅದು ಕಾಡುಗುಲಾಬಿಯ ಚಿಗುರು.

ಮಳೆ ನಿಂತು ಬಿಸಿಲು ಬಿದ್ದ ಮೇಲೆ ಸವರಿ. ಹೈಬ್ರಿಡ್ ಟೀ ಗಿಡಗಳನ್ನು ಒಂದೂವರೆ ಅಡಿಗೆ ಇಳಿಸಿ, ಹೊರಮುಖದ ಕಣ್ಣಿನ (ಚಿಗುರೊಡೆಯುವ ಜಾಗ) ಕಾಲಂಗುಲ ಮೇಲೆ ಓರೆಯಾಗಿ ಕತ್ತರಿಸಿ, ಗಾಯಕ್ಕೆ ಅಂದೇ ಬೋರ್ಡೋ ಮುಲಾಮು (ಮೈಲುತುತ್ತ ಮತ್ತು ಸುಣ್ಣದ ಲೇಪ) ಹಚ್ಚಿ, ಇಲ್ಲವಾದರೆ ತುದಿಯಿಂದ ಕಪ್ಪಾಗಿ ಒಣಗುತ್ತ ಬರುತ್ತದೆ. ಮಣ್ಣು ಬದಲಿಸಿದ ಗಿಡವನ್ನು ಮಾತ್ರ ಹತ್ತು ದಿನ ನೆರಳಿನಲ್ಲಿಡಿ. ಕಣ್ಣು ಒಡೆದ ಮೇಲೆ ಕುಂಡಕ್ಕೆ ಎರಡು ಹಿಡಿ ಹಳೆಯ ಕೊಟ್ಟಿಗೆ ಗೊಬ್ಬರ, ಅರ್ಧ ಹಿಡಿ ಬೇವಿನ ಹಿಂಡಿ ಕೊಡಿ. ಹಿಂಡಿ ನೀರನ್ನು ಹತ್ತು ಪಟ್ಟು ತೆಳುವಾಗಿಸಿ ಇಪ್ಪತ್ತು ದಿನಕ್ಕೊಮ್ಮೆ ಹಾಕಿದರೆ ಯಥೇಚ್ಛವಾಯಿತು. ಆರೇಳು ವಾರದಲ್ಲಿ ಹೂ ನಿರೀಕ್ಷಿಸಬಹುದು.

ಪನ್ನೀರು ಗುಲಾಬಿಗೆ ಮಾತ್ರ ಇಷ್ಟು ಕತ್ತರಿ ಆಡಿಸಬೇಡಿ. ಒಣಕಡ್ಡಿ, ಬಡಕಲು ಕೊಂಬೆ ತೆಗೆದು ತುದಿಗಳನ್ನಷ್ಟೇ ಚಿವುಟಿ ಬಿಡಿ.