ಲಿನಕ್ಸ್‌ನಲ್ಲಿ ಎವಿಆರ್ ಪ್ರೋಗ್ರಾಮರ್ ಕೈಯಾರೆ ಕಟ್ಟಿದವರು ಇದ್ದೀರಾ?

ಕೇಳಿದ್ದು: ಡಿಪ್ಲೊಮಾ ಎರಡನೇ ವರ್ಷದಲ್ಲಿದ್ದೇನೆ. ಲ್ಯಾಪ್‌ಟಾಪ್‌ನಲ್ಲಿ ಉಬುಂಟು ಮಾತ್ರ ಇದೆ. ಎವಿಆರ್ ಅನ್ನುವ ಪುಟ್ಟ ಮೈಕ್ರೊಕಂಟ್ರೋಲರ್ ಚಿಪ್‌ಗಳಿಗೆ ಕೋಡ್ ಹಾಕುವ ಪ್ರೋಗ್ರಾಮರನ್ನು ನಾನೇ ಬೆಸುಗೆ ಹಾಕಿ ಕಟ್ಟಬೇಕು ಅಂತ ಆಸೆ. ಯಾವುದು ಕಟ್ಟಲಿ? ನೀವು ಎಲ್ಲೆಲ್ಲಿ ಸಿಕ್ಕಿಹಾಕಿಕೊಂಡಿರಿ, ಹೇಳಿ.

ಒಬ್ಬರು: ಯುಎಸ್‌ಬಿ-ಎಎಸ್‌ಪಿ ಕಟ್ಟಿ. ಥಾಮಸ್ ಫಿಶ್ಲ್ ಅವರ ವಿನ್ಯಾಸ. ಸರ್ಕ್ಯೂಟ್, ಫರ್ಮ್‌ವೇರ್ ಎರಡೂ ಪುಕ್ಕಟೆ ಸಿಗುತ್ತವೆ. ಒಂದು ಎಟಿಮೆಗಾ8 (ಇದೂ ಎವಿಆರ್ ಚಿಪ್ಪೇ), ಅದಕ್ಕೆ ಕ್ಲಾಕ್ ಕೊಡುವ 12 ಮೆಗಾಹರ್ಟ್ಸ್ ಕ್ರಿಸ್ಟಲ್, ವೋಲ್ಟೇಜ್ ಮಿತಿಯಲ್ಲಿಡುವ ಎರಡು ಝೀನರ್ ಡಯೋಡ್, ಒಂದಷ್ಟು ರೆಸಿಸ್ಟರ್, ಕೆಪಾಸಿಟರ್. ಯುಎಸ್‌ಬಿಗೆ ಅಂತ ಬೇರೆ ಚಿಪ್ ಬೇಡ, ಮೆಗಾ8 ಒಳಗಿನ ಕೋಡೇ ಆ ಕೆಲಸ ಮಾಡುತ್ತದೆ.

ತೊಡಕು ಏನಂದ್ರೆ, ಆ ಮೆಗಾ8ಗೆ ಮೊದಲ ಸಲ ಕೋಡ್ ಹಾಕುವುದಕ್ಕೇ ಒಂದು ಪ್ರೋಗ್ರಾಮರ್ ಬೇಕು! ಗೆಳೆಯರ ಹತ್ತಿರ ಆರ್ಡುಯಿನೊ ಊನೊ ಇದ್ದರೆ ಒಂದು ದಿನದ ಮಟ್ಟಿಗೆ ತನ್ನಿ. ಅದಕ್ಕೆ ಆರ್ಡುಯಿನೊ ಐಎಸ್‌ಪಿ ಸ್ಕೆಚ್ ಹಾಕಿ, ಅಂದ್ರೆ ಊನೊವನ್ನೇ ಪ್ರೋಗ್ರಾಮರ್ ಮಾಡುವ ಕೋಡ್. ಆಮೇಲೆ ಊನೊದ 10, 11, 12, 13ನೇ ಪಿನ್‌ಗಳಿಂದ ಮೆಗಾ8ರ 1, 17, 18, 19ಕ್ಕೆ ಅದೇ ಕ್ರಮದಲ್ಲಿ ವೈರ್ ಎಳೆಯಿರಿ. 7 ಮತ್ತು 20ಕ್ಕೆ 5 ವೋಲ್ಟ್, 8 ಮತ್ತು 22 ಗ್ರೌಂಡ್. ಸ್ಕೆಚ್ ಹಾಕಿದ ಮೇಲೆ ಊನೊದ ರೀಸೆಟ್‌ಗೂ ಗ್ರೌಂಡ್‌ಗೂ ನಡುವೆ 10 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಿ, ಪ್ಲಸ್ ಕಾಲು ರೀಸೆಟ್ ಕಡೆಗೆ. ಇಲ್ಲದಿದ್ದರೆ ಚಿಪ್‌ಗೆ ಕೋಡ್ ಕಳಿಸುವ ಎವಿಆರ್‌ಡ್ಯೂಡ್ ತಂತ್ರಾಂಶ ಮಾತಾಡಿಸಿದ ತಕ್ಷಣ ಊನೊ ರೀಸೆಟ್ ಆಗಿಬಿಡುತ್ತದೆ. 1ಇ 93 07 ಅಂತ ಮೆಗಾ8ರ ಸಿಗ್ನೇಚರ್ (ಚಿಪ್‌ನ ಗುರುತಿನ ಸಂಖ್ಯೆ) ಬಂತಾ, ನಿಮ್ಮ ವೈರಿಂಗ್ ಸರಿ ಇದೆ.

ನಾನು ಮೂರು ದಿನ ಒದ್ದಾಡಿದ್ದು ಝೀನರ್‌ನಿಂದ. 3.6 ವೋಲ್ಟ್ ಕೇಳಿದೆ, ಅಂಗಡಿಯವರು 1 ವ್ಯಾಟ್‌ನದು ಕೊಟ್ಟರು. ದಪ್ಪಗಿದೆ, ಒಳ್ಳೆಯದೇ ಇರಬೇಕು ಅಂದುಕೊಂಡೆ. ಲಿನಕ್ಸ್ ಕರ್ನೆಲ್ ಸಂದೇಶ ತೋರಿಸುವ ಡಿಎಂಇಎಸ್‌ಜಿ ನೋಡಿದರೆ ಪ್ರತಿ ಸಲವೂ ಎರರ್ ಮೈನಸ್ 71, ಅಂದ್ರೆ ಯುಎಸ್‌ಬಿ ಮಾತುಕತೆಯೇ ಕೆಟ್ಟಿದೆ. ದೊಡ್ಡ ಝೀನರ್‌ಗೆ ಕೆಪಾಸಿಟೆನ್ಸ್ ಜಾಸ್ತಿ, ಅದು ಯುಎಸ್‌ಬಿ ಸಿಗ್ನಲ್ಲನ್ನು ಕೆಡಿಸುತ್ತದೆ. ಅರ್ಧ ವ್ಯಾಟ್‌ನ ಸಣ್ಣ ಗಾಜಿನದು ಹಾಕಿದೆ, ಮೊದಲ ಸಲಕ್ಕೇ ಬಂತು. 2.2 ಕೆ ಪುಲ್‌ಅಪ್ ರೆಸಿಸ್ಟರ್ ಯುಎಸ್‌ಬಿಯ ಡಿ ಮೈನಸ್ ಡೇಟಾ ತಂತಿಗೇ ಇದೆಯಾ ಅಂತಲೂ ನೋಡಿಕೊಳ್ಳಿ.

ಇನ್ನೊಬ್ಬರು: ತಮ್ಮಾ, ಹಳೇ ಡೆಸ್ಕ್‌ಟಾಪ್‌ನಲ್ಲಿ ಪ್ರಿಂಟರ್ ಪೋರ್ಟ್ ಇದ್ದರೆ ಆರ್ಡುಯಿನೊನೂ ಬೇಡ. ನಾನು ಶುರು ಮಾಡಿದ್ದೇ ಹಾಗೆ. ಆ ಪೋರ್ಟ್‌ನಿಂದ ಐದು ತಂತಿ, ರಕ್ಷಣೆಗೆ ನಡುವೆ ರೆಸಿಸ್ಟರ್, ಅಷ್ಟೇ. ಆದರೆ ಯುಎಸ್‌ಬಿಯಿಂದ ಪ್ರಿಂಟರ್ ಪೋರ್ಟ್‌ಗೆ ಬದಲಿಸುವ ಕೇಬಲ್ ಇದಕ್ಕೆ ಆಗುವುದಿಲ್ಲ, ಸುಮ್ನೆ ದುಡ್ಡು ಹಾಕಬೇಡಿ.

ಮತ್ತೊಬ್ಬರು: ಫ್ಯೂಸ್ ಬಗ್ಗೆ, ಅಂದ್ರೆ ಚಿಪ್ ಒಳಗೆ ಬರೆಯುವ ಸೆಟ್ಟಿಂಗ್ ಬಗ್ಗೆ, ಯಾರೂ ಹೇಳಲಿಲ್ಲ. ಯುಎಸ್‌ಬಿ-ಎಎಸ್‌ಪಿಗೆ ಲೋ ಫ್ಯೂಸ್ ಇಎಫ್, ಹೈ ಫ್ಯೂಸ್ ಸಿ9. ಇದನ್ನು ಬರೆದ ಕ್ಷಣದಿಂದ ಮೆಗಾ8 ಹೊರಗಿನ ಕ್ರಿಸ್ಟಲ್ ಕೇಳುತ್ತದೆ. ಬ್ರೆಡ್‌ಬೋರ್ಡ್‌ನಲ್ಲಿ ಕ್ರಿಸ್ಟಲ್ ಇಲ್ಲದೆ ಬರೆದರೆ ಚಿಪ್ ಸತ್ತಂತೆ ಕಾಣುತ್ತದೆ. ನಾನು ಹಾಗೆ ಎರಡು ಚಿಪ್ ಎಸೆದೆ, ಇವತ್ತಿಗೂ ಬೇಜಾರಿದೆ. 9 ಮತ್ತು 10ನೇ ಪಿನ್‌ಗೆ ಒಂದು ಕ್ರಿಸ್ಟಲ್ ಕೂರಿಸಿದ್ದರೆ ಎರಡೂ ಎದ್ದು ಕೂರುತ್ತಿದ್ದವು.

ಇನ್ನೊಂದು. ಹೊಸ ಮೆಗಾ8 ಓಡುವುದು 1 ಮೆಗಾಹರ್ಟ್ಸ್‌ನಲ್ಲಿ. ನಿಮ್ಮ ಪ್ರೋಗ್ರಾಮರ್ ತಯಾರಾದ ಮೇಲೆ ಅಂಥ ಚಿಪ್ ಉತ್ತರ ಕೊಡದಿದ್ದರೆ ಪ್ರೋಗ್ರಾಮರ್‌ನ ವೇಗ ಇಳಿಸುವ ಸ್ಲೋ ಕ್ಲಾಕ್ ಜಂಪರ್ ಹಾಕಿ ನೋಡಿ.

ಕೇಳಿದವರು, ಎರಡು ವಾರದ ಮೇಲೆ: ಬಂತು! ಯುಎಸ್‌ಬಿ ಸಾಧನಗಳ ಪಟ್ಟಿ ಕೊಡುವ ಎಲ್‌ಎಸ್‌ಯುಎಸ್‌ಬಿಯಲ್ಲಿ ಇದರ ಗುರುತು 16ಸಿ0:05ಡಿಸಿ ಕಾಣಿಸುತ್ತಿದೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಆದರೆ ಸುಡೊ (ಅಡ್ಮಿನ್ ಅನುಮತಿ) ಇಲ್ಲದೆ ಓಡುತ್ತಿಲ್ಲ. ಸಾಧನ ಬಳಸಲು ಅನುಮತಿ ಕೊಡುವ ಯುಡೆವ್ ರೂಲ್ ಬರೆದೆ, ರೀಲೋಡ್ ಕೂಡ ಮಾಡಿದೆ.

ಮೊದಲನೆಯವರು: ಕೇಬಲ್ ಒಮ್ಮೆ ಕಿತ್ತು ಮತ್ತೆ ಚುಚ್ಚಿ. ಹೊಸ ರೂಲ್ ಹಿಡಿಯುವುದು ಆಗಲೇ.