ವೈಟಲ್ 1.5ರ ಪ್ರೀಸೆಟ್ ಹಳೆಯ 1.0ರಲ್ಲಿ ತೆರೆಯುವಂತೆ ಮಾಡೋದು ಹೇಗೆ?

ಮಂದ್ರಸ್ಥಾಯಿ:
ತಂಬೂರಿ ಡ್ರೋನ್, ಪ್ಯಾಡ್, ಬೇಸ್ ಎಲ್ಲಾ ಸೇರಿ 40 ಪ್ರೀಸೆಟ್ (ಸೇವ್ ಮಾಡಿಟ್ಟ ನಾದದ ಸೆಟಿಂಗ್) ಇವೆ. ಎಲ್ಲವೂ ವೈಟಲ್ ಅನ್ನೋ ಸಾಫ್ಟ್‌ವೇರ್ ಸಿಂತ್‌ನ 1.5.5ರಲ್ಲಿ ಸೇವ್ ಆದವು. ಇವನ್ನು ಬಳಸಬೇಕಾದವರಲ್ಲಿ ಕೆಲವರು 1.0.7ರಲ್ಲೇ ನಿಂತಿದ್ದಾರೆ, ಇನ್ನು ಕೆಲವರು ಲಿನಕ್ಸ್‌ನಲ್ಲಿ ವೈಟಲಿಯಂ (ವೈಟಲ್ ಸೋರ್ಸ್‌ನಿಂದ ಬೇರೆಯವರು ಕಟ್ಟಿದ ಆವೃತ್ತಿ) ಇಟ್ಟುಕೊಂಡಿದ್ದಾರೆ. ಎರಡರಲ್ಲೂ ಒಂದೇ ಉತ್ತರ: ಹೊಸ ವರ್ಷನ್‌ನಲ್ಲಿ ಮಾಡಿದ ಪ್ರೀಸೆಟ್ ಅಂತ ಬಾಗಿಲಲ್ಲೇ ತಡೆಯುತ್ತೆ. ಎಲ್ಲರಿಗೂ ಅಪ್‌ಡೇಟ್ ಮಾಡಿ ಅನ್ನೋ ಹಾಗಿಲ್ಲ. ವೈಟಲಿಯಂ 1.0 ಸಾಲಿನ ಸೋರ್ಸ್ ಮೇಲೆ ನಿಂತಿರೋದರಿಂದ ಅದಕ್ಕೆ ಅಪ್‌ಡೇಟ್ ದಾರಿಯೂ ಇಲ್ಲ.

ಫೈಲನ್ನೇ ತಿದ್ದಿ ಹಳೆಯದಕ್ಕೆ ಒಗ್ಗಿಸಬಹುದಾ? ಒಗ್ಗಿಸಿದರೆ ನಾದ ಅದೇ ಬರುತ್ತಾ? 40 ಫೈಲನ್ನೂ ಕೈಯಲ್ಲಿ ಹೊಸದಾಗಿ ಕಟ್ಟೋದು ಕೊನೆಯ ದಾರಿ.

ತುಂಡುತಂತಿ:
ತುಂಬಾ ಸುಲಭ ಗುರು. ವೈಟಲ್ ಫೈಲ್ ಅಂದ್ರೆ ಬರೀ ಜೇಸನ್ ಟೆಕ್ಸ್ಟ್, ಪ್ರತಿ ಸೆಟಿಂಗ್‌ಗೆ ಒಂದು ಕೀ (ಹೆಸರು), ಒಂದು ಬೆಲೆ. ನೋಟ್‌ಪ್ಯಾಡಲ್ಲಿ ತೆಗೀರಿ, 1.5.5 ಅಂತ ಹುಡುಕಿ, ಎಲ್ಲಾ ಕಡೆ ಬದಲಿಸಿ. ಇನ್ನೂ ಸೇಫ್ ಆಗಿರಲಿ ಅಂದ್ರೆ 0.5.0 ಹಾಕ್ಬಿಡಿ, ಯಾವ ಹಳೇ ವರ್ಷನ್ನೂ ಬೇಡ ಅನ್ನಲ್ಲ.

ಗರಗಸದಲೆ:
ಮೊದಲರ್ಧ ಸರಿ. 0.5.0 ಮಾತ್ರ ಖಂಡಿತ ಹಾಕಬೇಡಿ, ಕಾರಣ ಆಮೇಲೆ ಹೇಳ್ತೀನಿ.

(ಕೀಗಳ ಹೆಸರನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೀತಿದ್ದೀನಿ. ಫೈಲಿನಲ್ಲಿ ಇರೋದು ಇಂಗ್ಲಿಷ್ ಸಣ್ಣ ಅಕ್ಷರ, ಪದಗಳ ನಡುವೆ ಅಂಡರ್‌ಸ್ಕೋರ್.)

ಫೈಲಿನ ಹೊರಪದರದಲ್ಲಿ ಪ್ರೀಸೆಟ್ ಹೆಸರು, ಮಾಡಿದವರ ಹೆಸರು, ನಾಲ್ಕು ಮ್ಯಾಕ್ರೋಗಳ ಹೆಸರು, "ಸಿಂತ್_ವರ್ಷನ್" ಇರುತ್ತವೆ. ಅಸಲಿ ಸರಕೆಲ್ಲ "ಸೆಟಿಂಗ್ಸ್" ಒಳಗೆ. 1.0.7 ಈ ಸಿಂತ್_ವರ್ಷನ್ ನೋಡಿ ಮೊದಲ ಎರಡು ಅಂಕಿಯನ್ನು ಮಾತ್ರ ಹೋಲಿಸುತ್ತೆ. 1.5 ತನಗಿಂತ ದೊಡ್ಡದು, ಹಾಗಾಗಿ ಒಳಗೆ ಏನಿದೆ ಅಂತ ನೋಡದೆಯೇ ವಾಪಸ್. ಅದೇ 1.0.9 ಅಂತ ಇದ್ದಿದ್ದರೆ ತಕರಾರಿಲ್ಲದೆ ಒಳಗೆ ಬಿಡ್ತಿತ್ತು. ಆದ್ದರಿಂದ ಅದನ್ನು 1.0.7 ಮಾಡಿದರೆ ಸಾಕು, ಬಾಗಿಲು ತೆರೆಯುತ್ತೆ. ವೈಟಲಿಯಂಗೂ ಇದೇ ಅಂಕಿ ಸಾಕು.

ಒಳಗೆ ಹೋದ ಮೇಲೆ ನಡೆಯೋದು ಹೀಗೆ. ಹಳೆಯ ವೈಟಲ್ ತನ್ನ ಕಂಟ್ರೋಲ್‌ಗಳ ಪಟ್ಟಿ ಹಿಡಿದು ಒಂದೊಂದನ್ನೇ ಫೈಲಲ್ಲಿ ಹುಡುಕುತ್ತೆ. ಸಿಕ್ಕಿದರೆ ಆ ಬೆಲೆ, ಸಿಗದಿದ್ದರೆ ಡಿಫಾಲ್ಟ್. ತನಗೆ ಗೊತ್ತಿಲ್ಲದ ಕೀ ಫೈಲಲ್ಲಿ ಇದ್ದರೆ ಅದರ ಕಡೆ ತಿರುಗಿಯೂ ನೋಡಲ್ಲ. ಹೊಸ ನಾಬ್‌ಗಳಿಂದ ಲೋಡ್ ಕೆಡದೆ ಇರೋದು ಇದರಿಂದಲೇ, ಆ ನಾಬ್ ಮಾಡ್ತಿದ್ದ ಕೆಲಸ ಸದ್ದಿಲ್ಲದೆ ಕಾಣೆಯಾಗೋದೂ ಇದರಿಂದಲೇ.

ಈಗ 0.5.0 ಕಥೆ. ಫೈಲಿನ ವರ್ಷನ್ ಹಳೆಯದಾಗಿದ್ದರೆ ವೈಟಲ್ ಅದನ್ನು ಒಂದು ಪರಿವರ್ತನೆ ಕೋಡ್ ಮೂಲಕ ಹಾಯಿಸುತ್ತೆ. ಬೀಟಾ ಕಾಲದಲ್ಲಿ ಬೇರೆ ಅಳತೆಯಲ್ಲಿ ಬರೆದಿದ್ದ ಬೆಲೆಗಳನ್ನು ಇಂದಿನ ಅಳತೆಗೆ ತರೋ ಮೆಟ್ಟಿಲುಗಳು ಅವು. ನಿಮ್ಮ ಬೆಲೆಗಳು ಈಗಾಗಲೇ ಇಂದಿನ ಅಳತೆಯಲ್ಲಿವೆ. 0.5.0 ಅಂತ ಸುಳ್ಳು ಹೇಳಿದರೆ ಸರಿಯಾಗಿರೋದನ್ನೇ ಮತ್ತೊಮ್ಮೆ ತಿರುಚುತ್ತೆ. ಪ್ರೀಸೆಟ್ ತೆರೆಯುತ್ತೆ, ನಾದ ಹಾಳು. "ಎಲ್ಲಾ ಕಡೆ ಬದಲಿಸಿ" ಅನ್ನೋದೂ ಬೇಡ. ಪ್ರತಿ ವೇವ್‌ಟೇಬಲ್ (ಆಸಿಲೇಟರ್ ನುಡಿಸೋ ಅಲೆಗಳ ಪಟ್ಟಿ) ಒಳಗೂ ಅದರದ್ದೇ ಒಂದು "ವರ್ಷನ್" ಇದೆ, ಅದು ಬಾಗಿಲು ಕಾಯಲ್ಲ, ಪರಿವರ್ತನೆಗೆ ಮಾತ್ರ ಬಳಕೆ. ಅದನ್ನು ಮುಟ್ಟದೆ ಬಿಡಿ.

40 ಫೈಲಿಗೆ ಕೈಕೆಲಸ ಬೇಡ, ಪೈಥಾನ್‌ನ ಜೇಸನ್ ಮಾಡ್ಯೂಲ್ ಸಾಕು. 1.0.7ರಲ್ಲಿ ಇನಿಟ್ (ಏನೂ ಮುಟ್ಟದ, ಶುರುವಿನ) ಪ್ರೀಸೆಟ್ ಒಂದನ್ನು ಹಾಗೇ ಸೇವ್ ಮಾಡಿ, ಅದೇ ಅಳತೆಗೋಲು. ಅದರ ಸೆಟಿಂಗ್ಸ್ ಕೀಗಳನ್ನೂ ನಿಮ್ಮ ಫೈಲಿನ ಕೀಗಳನ್ನೂ ಎರಡು ಸೆಟ್ ಮಾಡಿ ಕಳೆಯಿರಿ. ಉಳಿದದ್ದು ಹಳೆಯದಕ್ಕೆ ಗೊತ್ತಿಲ್ಲದ ಕಂಟ್ರೋಲ್‌ಗಳ ಪಟ್ಟಿ. ಆ ಕೀಗಳ ಬೆಲೆ 1.5.5ರ ಇನಿಟ್‌ನಲ್ಲಿ ಇರೋ ಹಾಗೇ ಇದ್ದರೆ ಆ ಪ್ರೀಸೆಟ್‌ಗೆ ಅವು ಬಳಕೆಯಾಗಿಲ್ಲ, ಚಿಂತೆಯಿಲ್ಲ. ಬೇರೆಯಾಗಿದ್ದರೆ ಆ ಫೈಲನ್ನು ಪಕ್ಕಕ್ಕಿಡಿ, ಕಿವಿಯಿಂದ ನೋಡಬೇಕಾದ ಕೇಸು ಅದು.

ಎರಡನೇ ತಪಾಸಣೆ, ಮೆನು ಆಯ್ಕೆಗಳು. ಫಿಲ್ಟರ್ ಮಾಡೆಲ್, ಆಸಿಲೇಟರ್‌ನ ವಾರ್ಪ್ ಬಗೆ, ಸ್ಪೆಕ್ಟ್ರಲ್ ಮಾರ್ಫ್ ಬಗೆ, ಇವೆಲ್ಲ ಫೈಲಲ್ಲಿ ಹೆಸರಾಗಿ ಅಲ್ಲ, ಅಂಕಿಯಾಗಿ ಕೂತಿವೆ. 1.0ರಲ್ಲಿ ಫಿಲ್ಟರ್ ಮಾಡೆಲ್ 8: ಅನಲಾಗ್, ಡರ್ಟಿ, ಲ್ಯಾಡರ್, ಡಿಜಿಟಲ್, ಡಯೋಡ್, ಫಾರ್ಮಂಟ್, ಕೋಂಬ್, ಫೇಸರ್. ಅಂದರೆ 0ಯಿಂದ 7. ಇದರಾಚೆಯ ಅಂಕಿ ಕಂಡರೆ ನೀವೇ ಹತ್ತಿರದ ಮಾಡೆಲ್ ಆರಿಸಿ ಬರೆಯಿರಿ, ಹಳೆಯದು ಏನು ಆರಿಸುತ್ತೋ ನೋಡೋಣ ಅಂತ ಬಿಡಬೇಡಿ.

ಅಂಕಿ ಓದುವಾಗ ಇನ್ನೊಂದು ನೆನಪಿರಲಿ: ಇವು 0–1 ಬೆಲೆಗಳಲ್ಲ. ಕಟಾಫ್ ಇರೋದು ಮಿಡಿ ನೋಟ್ ಲೆಕ್ಕದಲ್ಲಿ, 60 ಅಂದರೆ ಮಧ್ಯದ ಸಿ. ಎನ್ವಲಪ್ ಅಟ್ಯಾಕ್, ಡಿಕೇ ಇರೋದು ಸೆಕೆಂಡಿನ ನಾಲ್ಕನೇ ಮೂಲದಲ್ಲಿ. ಫೈಲಲ್ಲಿ 1.5 ಇದ್ದರೆ ಸುಮಾರು 5 ಸೆಕೆಂಡ್, 0.5 ಇದ್ದರೆ 0.0625 ಸೆಕೆಂಡ್.

ಮೂಲ ಫೈಲ್ ಬೇರೆ ಫೋಲ್ಡರ್‌ನಲ್ಲಿ ಇರಲಿ. ತಿದ್ದಿದ್ದನ್ನು 1.0.7ರಲ್ಲಿ ತೆರೆದು ಯಾರಾದರೂ ಮತ್ತೆ ಸೇವ್ ಒತ್ತಿದರೆ ಹೊಸ ಕೀಗಳೆಲ್ಲ ಖಾಯಂ ಹೋಯ್ತು ಅಂತಲೇ. ಇಷ್ಟೆಲ್ಲ ಮಾಡಿದ ಮೇಲೂ ಪಟ್ಟಿಯಲ್ಲಿ ಫೈಲ್ ಕಾಣದಿದ್ದರೆ ಹೆಸರಿನ ಬಾಲ ನೋಡಿ, ನೋಟ್‌ಪ್ಯಾಡ್ ಹಿಂದೆ ಟಿಎಕ್ಸ್‌ಟಿ ಅಂಟಿಸಿರುತ್ತೆ.

ಮಂದ್ರಸ್ಥಾಯಿ:
40ರಲ್ಲಿ 37 ಸರಾಗವಾಗಿ ತೆರೆದವು ಸರ್. ಎರಡನ್ನು ಪಕ್ಕಕ್ಕಿಟ್ಟಿದ್ದೇನೆ. ಒಂದು ಪ್ಯಾಡ್ ಮಾತ್ರ ವಿಚಿತ್ರ: 1.5.5ರಲ್ಲಿ ನವಿರಾದ ವೈಬ್ರೇಟೋ ಇದ್ದದ್ದು, 1.0.7ರಲ್ಲಿ ಆಂಬುಲೆನ್ಸ್ ಸೈರನ್ ಹಾಗೆ ಮೇಲೆ ಕೆಳಗೆ ಹೋಗುತ್ತೆ. ಆ ಫೈಲಿನ ಮಾಡ್ಯುಲೇಶನ್ ಪಟ್ಟಿಯಲ್ಲಿ (ಯಾವುದು ಯಾವ ನಾಬನ್ನು ಅಲುಗಿಸುತ್ತೆ ಅನ್ನೋದು) ಹಳೆಯದಕ್ಕೆ ಗೊತ್ತಿಲ್ಲದ ಗುರಿ ಒಂದಿತ್ತು, 5ನೆಯದು. ಅದನ್ನು ಅಳಿಸಿದೆ. ಬೇರೇನೂ ಮುಟ್ಟಿಲ್ಲ.

ಗರಗಸದಲೆ:
ಆ ಅಳಿಸಿದ್ದೇ ಎಡವಟ್ಟು. ತಪ್ಪು ನನ್ನದು, ಮೊದಲೇ ಹೇಳಬೇಕಿತ್ತು.

"ಮಾಡ್ಯುಲೇಶನ್ಸ್" ಅನ್ನೋದು 64 ಮನೆಗಳ ಸಾಲು. ಪ್ರತಿ ಮನೆಯಲ್ಲಿ "ಸೋರ್ಸ್" ಮತ್ತು "ಡೆಸ್ಟಿನೇಶನ್" ಮಾತ್ರ ಇರುತ್ತೆ (ಕೆಲವದರಲ್ಲಿ ವಕ್ರರೇಖೆಯ ನಕ್ಷೆಯೂ). ಎಷ್ಟು ಪ್ರಮಾಣ ಅನ್ನೋದು ಅಲ್ಲಿ ಇಲ್ಲ. ಅದು ಸೆಟಿಂಗ್ಸ್‌ನಲ್ಲಿ "ಮಾಡ್ಯುಲೇಶನ್_5_ಅಮೌಂಟ್", "ಮಾಡ್ಯುಲೇಶನ್_5_ಬೈಪೋಲಾರ್" ಅಂತ ಬೇರೆಯೇ ಇದೆ. ಎರಡಕ್ಕೂ ನಡುವಿನ ನಂಟು ಅಂದರೆ ಸಾಲಿನಲ್ಲಿ ಎಷ್ಟನೆಯದು ಅನ್ನೋದಷ್ಟೇ. ನೀವು 5ನೆಯದನ್ನು ಕಿತ್ತಾಗ 6ನೇ ಮನೆಯ ವೈಬ್ರೇಟೋ 5ಕ್ಕೆ ಜಾರಿತು, ಆದರೆ 5ರ ಅಮೌಂಟ್ ಇನ್ನೂ ಅಲ್ಲೇ ಕೂತಿದೆ. 6ರಲ್ಲಿ 0.02 ಇದ್ದು 5ರಲ್ಲಿ 0.6 ಇದ್ದರೆ ವೈಬ್ರೇಟೋ 30 ಪಟ್ಟು ಆಳ. ಸೈರನ್ ಅದೇ. 7, 8, 9 ಇದ್ದರೆ ಅವೂ ಒಂದೊಂದು ಮನೆ ಜಾರಿವೆ, ಕಿವಿಗೆ ಬಿದ್ದಿಲ್ಲ ಅಷ್ಟೇ.

ಮೂಲ ಫೈಲಿಂದ ಮತ್ತೆ ಶುರು ಮಾಡಿ. 5ನೇ ಮನೆಯನ್ನು ಹಾಗೇ ಬಿಟ್ಟು, ಸೋರ್ಸ್ ಮತ್ತು ಡೆಸ್ಟಿನೇಶನ್ ಎರಡನ್ನೂ ಖಾಲಿ ಉದ್ಧರಣ ಚಿಹ್ನೆ ಮಾಡಿ. ಖಾಲಿ ಮನೆಯನ್ನು ವೈಟಲ್ ದಾಟಿಕೊಂಡು ಹೋಗುತ್ತೆ, ಎಣಿಕೆ ಕೆಡಲ್ಲ. ಗೊತ್ತಿಲ್ಲದ ಗುರಿಯನ್ನು ಹಾಗೇ ಉಳಿಸೋದು ಮಾತ್ರ ಬೇಡ. ಕಂಟ್ರೋಲ್ ವಿಷಯದಲ್ಲಿ ಇರೋ ಉದಾಸೀನ ಇಲ್ಲಿಲ್ಲ, ಹೆಸರು ಹಿಡಿದು ಜೋಡಿಸಲು ಹೋಗಿ ಏನೂ ಸಿಗದೆ ಹೋಸ್ಟ್ (ಸಿಂತ್ ಪ್ಲಗಿನ್ ಓಡಿಸೋ ಸಾಫ್ಟ್‌ವೇರ್) ಸಮೇತ ಬೀಳಬಹುದು.

ಪಕ್ಕಕ್ಕಿಟ್ಟ ಎರಡರಲ್ಲಿ ಡ್ರೋನ್ ಇದ್ದರೆ ಅಡ್ಡದಾರಿ ಇದೆ. ಕೆಟ್ಟ ಪದರವನ್ನಷ್ಟೇ 1.5.5ರಲ್ಲಿ ವೇವ್ ಫೈಲಾಗಿ ಇಳಿಸಿ, 1.0.7ರ ಸ್ಯಾಂಪಲ್ ಜಾಗಕ್ಕೆ ಹಾಕಿ, ಲೂಪ್ ಆನ್ ಮಾಡಿ. ಡ್ರೋನ್‌ನಲ್ಲಿ ನುಡಿಸೋದು ಷಡ್ಜ ಪಂಚಮ ಎರಡೇ, ಸ್ಯಾಂಪಲ್ ಹಿಗ್ಗಿದ ಕೃತಕತೆ ಅಷ್ಟು ಕೇಳಿಸಲ್ಲ. ಪೂರ್ತಿ ಕೀಬೋರ್ಡ್ ನುಡಿಸೋ ಪ್ಯಾಡ್‌ಗೆ ಇದು ಆಗಲ್ಲ. ಸ್ಯಾಂಪಲ್ ಪ್ರೀಸೆಟ್ ಒಳಗೇ ಬೇಸ್64 (ಬೈಟ್‌ಗಳನ್ನು ಅಕ್ಷರವಾಗಿ ಬರೆಯೋ ರೀತಿ) ಆಗಿ ಕೂರೋದರಿಂದ ಗಾತ್ರ ನೋಡಿಕೊಳ್ಳಿ: 44.1 ಕಿಲೋಹರ್ಟ್ಸ್, 16 ಬಿಟ್, ಸ್ಟೀರಿಯೊ 4 ಸೆಕೆಂಡ್ ಅಂದರೆ 7 ಲಕ್ಷ ಬೈಟ್, ಬೇಸ್64 ಆದಮೇಲೆ 9.4 ಲಕ್ಷ.

ತುಂಡುತಂತಿ:
0.5.0 ವಾಪಸ್ ತಗೊಂಡೆ 🙏 ಸರ್ಜ್ ಅನ್ನೋ ಇನ್ನೊಂದು ಸಿಂತ್‌ನ ಪ್ಯಾಚ್‌ಗೂ (ಅದರ ಪ್ರೀಸೆಟ್) ಹಿಂಗೇ ನಂಬರ್ ಇಳಿಸಿದ್ರೆ ನಡೆಯುತ್ತಾ? ಅದರೊಳಗೂ ರಿವಿಷನ್ ಅಂತ ಒಂದು ಕಂಡೆ.

ಅಕ್ಕಸಾಲಿ:
ನಡೆಯೋದಿಲ್ಲ, ಅಲ್ಲಿ ಆ ಅಂಕಿಯ ಕೆಲಸವೇ ಬೇರೆ. ವೈಟಲ್‌ನಲ್ಲಿ 1.5 ಬಾಗಿಲಿನ ಕಾವಲುಗಾರ. ಸರ್ಜ್‌ನಲ್ಲಿ ರಿವಿಷನ್ ಅನ್ನೋದು ಒಳಗಿನ ಅಂಕಿಗಳನ್ನು ಹೇಗೆ ಓದಬೇಕು ಅನ್ನೋ ಸೂಚನೆ. ಹೊಸ ರಿವಿಷನ್ ಕಂಡರೆ ಹಳೆಯ ಸರ್ಜ್ ಎಚ್ಚರಿಕೆ ತೋರಿಸಿ ಆದರೂ ಲೋಡ್ ಮಾಡುತ್ತೆ, ತಡೆಯೋದಿಲ್ಲ. ಹಾಗಾಗಿ ಇಳಿಸುವ ಅಗತ್ಯವೂ ಇಲ್ಲ.

ಇಳಿಸಿದರೆ ಏನಾಗುತ್ತೆ ಅನ್ನೋದಕ್ಕೆ ಒಂದು ಉದಾಹರಣೆ. ಸರ್ಜ್ 1.8ರಲ್ಲಿ ಫಿಲ್ಟರ್‌ಗಳ ಪಟ್ಟಿಯನ್ನು ಹೊಸದಾಗಿ ಜೋಡಿಸಿದರು, ರಿವಿಷನ್ 14 ಹೋಗಿ 15 ಆಯಿತು. 15ಕ್ಕಿಂತ ಕಡಿಮೆಯ ಪ್ಯಾಚ್ ಬಂದರೆ ಫಿಲ್ಟರ್ ಅಂಕಿಯನ್ನು ಹಳೆಯ ಪಟ್ಟಿಯಿಂದ ಹೊಸದಕ್ಕೆ ಬದಲಿಸಿಕೊಳ್ಳುತ್ತೆ. 16ರ ಪ್ಯಾಚ್‌ಗೆ 14 ಅಂತ ಬರೆದು 1.9ಕ್ಕೆ ಕೊಟ್ಟರೆ, ಈಗಾಗಲೇ ಬದಲಾದ ಅಂಕಿ ಮತ್ತೆ ಬದಲಾಗಿ ಬೇರೆಯದೇ ಫಿಲ್ಟರ್ ಬಂದು ಕೂರುತ್ತೆ. ನಿಜಕ್ಕೂ 1.7ಕ್ಕೆ ಒಯ್ಯಬೇಕಾದರೆ ಫಿಲ್ಟರ್ ಅಂಕಿಯನ್ನು ಕೈಯಾರೆ ಹಳೆಯ ಪಟ್ಟಿಗೆ ತಿರುಗಿಸಿ, ಆಮೇಲೆ ರಿವಿಷನ್ ಇಳಿಸಬೇಕು. ಎರಡೂ ಒಟ್ಟಿಗೆ, ಇಲ್ಲದಿದ್ದರೆ ಯಾವುದೂ ಬೇಡ.

ಫೈಲ್ ತಿದ್ದುವುದೂ ವೈಟಲ್‌ನಷ್ಟು ಸಲೀಸಲ್ಲ. ಸರ್ಜ್ ಪ್ಯಾಚ್ ಇರುವ ಎಫ್‌ಎಕ್ಸ್‌ಪಿ ಫೈಲಿನ ಮೊದಲ 60 ಬೈಟ್ ವಿಎಸ್‌ಟಿ2 (ಒಂದು ಪ್ಲಗಿನ್ ಮಾದರಿ) ತಲೆಬರಹ. ಮುಂದಿನ 32 ಬೈಟ್ ಸರ್ಜ್‌ನದ್ದು: 4 ಬೈಟ್ ಗುರುತು, 4 ಬೈಟ್ ಎಕ್ಸ್‌ಎಂಎಲ್ ಉದ್ದ, ಎರಡು ಸೀನ್‌ಗೆ ಮೂರು ಆಸಿಲೇಟರ್ ಲೆಕ್ಕದಲ್ಲಿ ಆರು ವೇವ್‌ಟೇಬಲ್ ಉದ್ದಗಳು. 92 ಬೈಟ್ ದಾಟಿದ ಮೇಲೆ ಎಕ್ಸ್‌ಎಂಎಲ್, ಅದರ ಹಿಂದೆ ವೇವ್‌ಟೇಬಲ್. 16ನ್ನು 14 ಮಾಡಿದರೆ ಅಕ್ಷರ ಎರಡೇ, ಉದ್ದ ಕೆಡದು. 0.5 ಇದ್ದದ್ದನ್ನು 0.25 ಮಾಡಿದರೆ ಒಂದು ಬೈಟ್ ಹೆಚ್ಚು. ಆಗ ಎಕ್ಸ್‌ಎಂಎಲ್ ಉದ್ದವನ್ನೂ, ತಲೆಬರಹದ ಎರಡು ಉದ್ದಗಳನ್ನೂ ತಿದ್ದಬೇಕು. ತಲೆಬರಹದ ಅಂಕಿಗಳಲ್ಲಿ ದೊಡ್ಡ ಬೈಟ್ ಮೊದಲು, ಸರ್ಜ್‌ನ ಅಂಕಿಗಳಲ್ಲಿ ಚಿಕ್ಕ ಬೈಟ್ ಮೊದಲು. ಹೆಕ್ಸ್ ಎಡಿಟರ್ ಹಿಡಿದವರು ಸಾಮಾನ್ಯವಾಗಿ ಮುಗ್ಗರಿಸುವುದು ಇಲ್ಲೇ.

ಪ್ಲಗಿನ್ ಬರೆಯುವವರು ಇದನ್ನು ಓದುತ್ತಿದ್ದರೆ: ಮೆನುವಿಗೆ ಹೊಸ ಆಯ್ಕೆ ಬಂದರೆ ಪಟ್ಟಿಯ ಕೊನೆಗೆ ಸೇರಿಸಿ, ಪರದೆಯ ಮೇಲೆ ಬೇಕಾದ ಕ್ರಮದಲ್ಲಿ ತೋರಿಸಿಕೊಳ್ಳಿ. ಹೊಸ ಪ್ಯಾರಾಮೀಟರ್‌ನ ಡಿಫಾಲ್ಟ್ ಅಂದರೆ ಹಳೆಯ ನಾದ ಹಾಗೇ ಬರುವ ಬೆಲೆ, ನಿಮಗೆ ಚೆಂದ ಕೇಳಿಸಿದ ಬೆಲೆಯಲ್ಲ. ನಾಬ್‌ನ ವ್ಯಾಪ್ತಿ ಹಿಗ್ಗಿಸಬೇಡಿ, ಹೋಸ್ಟ್ ಆಟೊಮೇಶನ್ (ಹಾಡಿನುದ್ದಕ್ಕೂ ನಾಬ್ ತಿರುಗುವ ದಾಖಲೆ) ಬರೆದಿಟ್ಟಿರುವುದು 0–1ರಲ್ಲಿ, 10 ಕಿಲೋಹರ್ಟ್ಸ್ ಇದ್ದದ್ದು 20 ಆಗಿಬಿಡುತ್ತೆ. ಜ್ಯೂಸ್ (ಪ್ಲಗಿನ್ ಬರೆಯುವ ಫ್ರೇಮ್‌ವರ್ಕ್) ಬಳಸುವವರು ಪ್ಯಾರಾಮೀಟರ್ ಐಡಿಯ ಪಕ್ಕದ ವರ್ಷನ್ ಹಿಂಟ್ ಅಂಕಿಯನ್ನು ಹೊಸ ಪ್ಯಾರಾಮೀಟರ್‌ಗೆ ಏರಿಸಿ ಕೊಡಿ, ಎಯು (ಆಪಲ್‌ನ ಪ್ಲಗಿನ್ ಮಾದರಿ) ಹೋಸ್ಟ್‌ಗಳಲ್ಲಿ ಹಳೆಯ ಆಟೊಮೇಶನ್ ಜಾರದಂತೆ ಕಾಯುವುದು ಅದೇ. ವೈಟಲ್‌ನ ಎಫೆಕ್ಟ್ ಸರಣಿ ತರಹ 9 ಎಫೆಕ್ಟ್‌ಗಳ ಕ್ರಮವನ್ನು ಒಂದೇ ಸಂಖ್ಯೆಯಾಗಿ (0ಯಿಂದ 362879) ಬರೆಯುವುದು ನನಗಂತೂ ಹಿಡಿಸದು. ಹತ್ತನೆಯದು ಬಂದ ದಿನ ಆ ಸಂಖ್ಯೆಯ ಅರ್ಥವೇ ಬದಲು.

ಇದನ್ನು ಚೆನ್ನಾಗಿ ಮಾಡಿದ್ದು ಯಮಾಹಾ. 1983ರ ಡಿಎಕ್ಸ್7 ಸಿಂತ್‌ನ ಒಂದು ವಾಯ್ಸ್ (ಪ್ರೀಸೆಟ್) 155 ಬೈಟ್, 32 ವಾಯ್ಸ್‌ನ ಒತ್ತಿ ಕಟ್ಟಿದ ಬ್ಯಾಂಕ್ ತಲೆ ಬಾಲ ಸೇರಿ 4104 ಬೈಟ್. ಆಮೇಲೆ ಬಂದ ಡಿಎಕ್ಸ್7 ಟೂಗೆ ಹೊಸ ಪ್ಯಾರಾಮೀಟರ್ ಬೇಕಾದಾಗ ಆ 155ರೊಳಗೆ ತುರುಕಲಿಲ್ಲ, ಬೇರೆಯೇ ಸಿಸೆಕ್ಸ್ (ತಯಾರಕರದ್ದೇ ಮಿಡಿ) ಸಂದೇಶವಾಗಿ ಕಳಿಸಿದರು. ಹಳೆಯ ಯಂತ್ರ ಮೊದಲಿನದನ್ನು ತೆಗೆದುಕೊಂಡು ಎರಡನೆಯದನ್ನು ಬಿಟ್ಟರಾಯಿತು.

ಮಂದ್ರಸ್ಥಾಯಿ:
ಖಾಲಿ ಮನೆ ಉಪಾಯ ಕೆಲಸ ಮಾಡಿತು, ಸೈರನ್ ನಿಂತಿತು. ಈಗ 38. ಎರಡೂ ವರ್ಷನ್ ರೆಂಡರ್ ತೆಗೆದು ಒಂದರ ಫೇಸ್ ತಿರುಗಿಸಿ ಕೂಡಿಸಿದರೆ ಯಾವುದೂ ಪೂರ್ತಿ ಶೂನ್ಯ ಆಗುತ್ತಿಲ್ಲ. ಕಿವಿಗೆ ಮಾತ್ರ ಒಂದೇ ಅನಿಸುತ್ತೆ.

ಗರಗಸದಲೆ:
ಆಗಲ್ಲ. ವೈಟಲ್ ಆಸಿಲೇಟರ್‌ನ ರ್‍ಯಾಂಡಮ್ ಫೇಸ್ ಡಿಫಾಲ್ಟ್ ಆಗಿ ಪೂರ್ತಿ ತೆರೆದಿರುತ್ತೆ, 1.5.5ರ ಎರಡು ರೆಂಡರ್ ಕೂಡಿಸಿದರೂ ಶೂನ್ಯ ಬರಲ್ಲ. ಪರೀಕ್ಷೆಗೆ ಒಂದು ಪ್ರತಿ ಮಾಡಿ, ಅದರಲ್ಲಿ ಮೂರೂ ಆಸಿಲೇಟರ್‌ಗೆ ರ್‍ಯಾಂಡಮ್ ಫೇಸ್ 0, ಯೂನಿಸನ್ 1, ಕೋರಸ್ ಮತ್ತು ರಿವರ್ಬ್ ಆಫ್, ರ್‍ಯಾಂಡಮ್ ಮಾಡ್ಯುಲೇಟರ್ ಇದ್ದರೆ ಬೈಪಾಸ್. ಆಗ ಉಳಿಯೋ ಶೇಷ ನಿಜವಾದ ವ್ಯತ್ಯಾಸ. ಹಂಚೋ ಫೈಲ್ ಆ ಪರೀಕ್ಷೆಯ ಪ್ರತಿ ಆಗದ ಹಾಗೆ ನೋಡಿಕೊಳ್ಳಿ.