ಮನೆಯ ಗುಂಪಿನಲ್ಲಿ ಒಂದು ಹಳೇ ಸ್ಕ್ರೀನ್‌ಶಾಟ್

ಇದು ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ನಡೆದ ಮಾತು. ನಡುವೆ ಬಂದ ಹುಟ್ಟುಹಬ್ಬದ ಹಾರೈಕೆ, ಬೆಳಗಿನ ಹೂವು, ಬೇರೆ ಯಾರಿಗೋ ಹೋಗಬೇಕಿದ್ದು ಇಲ್ಲಿಗೆ ಬಂದ ಕರೆಂಟ್ ಬಿಲ್ಲು, ಎಲ್ಲ ತೆಗೆದಿದ್ದೇನೆ. ಕಾಗುಣಿತ ಬಿಟ್ಟರೆ ಬೇರೇನೂ ತಿದ್ದಿಲ್ಲ.

ಭಾವ: (ಸ್ಕ್ರೀನ್‌ಶಾಟ್: ಸ್ಪೇನ್ ಫುಟ್‌ಬಾಲ್ ತಂಡದ ಗೋಲ್‌ಕೀಪರ್ ಆಗಿದ್ದ ಇಕರ್ ಕಸಿಯಾಸ್ ತಾನು ಗೇ ಅಂತ ಬರೆದಿರುವ ಟ್ವೀಟ್. ಮೇಲೆ ‘ಹಲವು ಬಾರಿ ಫಾರ್ವರ್ಡ್ ಆಗಿದೆ’.)

ಭಾವ: ಚಿಕ್ಕಮಾವ, ನಿಮ್ಮ ವಿಶ್ವಕಪ್ ಕ್ಯಾಪ್ಟನ್ ನೋಡಿ. ಇನ್ನು ಒಬ್ಬೊಬ್ಬರೇ ಸಾಲಾಗಿ ಬರುತ್ತಾರೆ.

ಚಿಕ್ಕಪ್ಪ: ಅಳಿಯಂದ್ರೇ, ಇದು ಹಳಸಿದ್ದು. 2022ರ ಅಕ್ಟೋಬರ್‌ನದ್ದು. ಸ್ವಲ್ಪ ಹೊತ್ತಿಗೇ ಟ್ವೀಟ್ ತೆಗೆದು, ಖಾತೆ ಹ್ಯಾಕ್ ಆಗಿತ್ತು ಅಂದ.

ನಾನು: ಅಷ್ಟರೊಳಗೆ ಅವನ ಸ್ಪೇನ್ ತಂಡದ ಜೊತೆಗಾರ ಪುಯೋಲ್ ಬಂದು, ನಮ್ಮಿಬ್ಬರ ಕಥೆ ಹೇಳೋ ಹೊತ್ತು ಬಂತು ಅಂತ ತಮಾಷೆ ಮಾಡಿದ್ದ. ಆಮೇಲೆ ಕ್ಷಮೆ ಕೇಳಿದ. ಅದನ್ನು ನೋಡಿ ಬೇಜಾರು ಮಾಡಿಕೊಂಡವನು ಆಸ್ಟ್ರೇಲಿಯಾದ ಆಟಗಾರ ಜೋಶ್ ಕವಾಲೊ. ಅವನು ಒಂದು ವರ್ಷ ಮುಂಚೆ, 2021ರಲ್ಲಿ, ಅಡಿಲೇಡ್ ಯುನೈಟೆಡ್‌ಗೆ ಆಡುತ್ತಿರುವಾಗಲೇ ತಾನು ಗೇ ಅಂತ ನಿಜವಾಗಿ ಹೇಳಿಕೊಂಡವನು.

ಭಾವ: ಒಂದು ಜೋಕ್‌ಗೆ ಇಷ್ಟು ದೊಡ್ಡ ಪಂಚಾಯ್ತಿನಾ?

ಅಕ್ಕ: ರೀ, ನೀವು ಕಳಿಸಿದ್ದು ಜೋಕ್ ಅಂತಲೋ ಸುದ್ದಿ ಅಂತಲೋ? ಮೊದಲು ಅದು ಹೇಳಿ.

ಭಾವ: ಬಂತು, ಕಳಿಸಿದೆ.

ದೊಡ್ಡಪ್ಪ: ನನಗೆ ಒಂದು ಅರ್ಥವಾಗುವುದಿಲ್ಲ. ಹ್ಯಾಕ್ ಆಗಲಿ, ನಿಜವಾಗಲಿ, ಇದನ್ನು ಊರಿಗೆಲ್ಲ ಹೇಳುವ ಅಗತ್ಯ ಏನು? ಯಾರು ಯಾರ ಜೊತೆ ಇರುತ್ತಾರೆ ಅನ್ನೋದು ಅವರವರ ಮನೆ ವಿಷಯ. ಆಟಗಾರನ ಕೆಲಸ ಆಡುವುದು. ಗೋಲು ಹೊಡೆದರೆ ಚಪ್ಪಾಳೆ, ಬಿಟ್ಟರೆ ಬೈಗುಳ. ಅಷ್ಟೇ.

ಚಿಕ್ಕಪ್ಪ: ಅಣ್ಣ ಹೇಳೋದರಲ್ಲಿ ತಪ್ಪಿಲ್ಲ.

ನಾನು: ದೊಡ್ಡಪ್ಪ, 1994ರ ವಿಶ್ವಕಪ್‌ನಲ್ಲಿ ನೆದರ್ಲೆಂಡ್ಸ್ ಮೇಲೆ ಗೋಲು ಹೊಡೆದು ಬ್ರೆಜಿಲ್‌ನ ಬೆಬೆಟೊ ಏನು ಮಾಡಿದ, ನೆನಪಿದೆಯಾ?

ದೊಡ್ಡಪ್ಪ: ಮರೆಯೋಕಾಗುತ್ತಾ? ತೊಟ್ಟಿಲು ತೂಗಿದ. ಆಗಷ್ಟೇ ಮಗು ಹುಟ್ಟಿತ್ತು ಅವನಿಗೆ. ಅಕ್ಕಪಕ್ಕ ಇನ್ನಿಬ್ಬರು ನಿಂತು ಅವರೂ ತೂಗಿದರು.

ನಾನು: ಅದು ಮನೆ ವಿಷಯವೇ ತಾನೇ? ಮೈದಾನದ ಮಧ್ಯೆ ಯಾಕೆ ತಂದ ಅಂತ ಯಾರಾದರೂ ಕೇಳಿದರಾ? ಹೆಂಡತಿ ಬಸುರಿ ಅಂದರೆ ಚೆಂಡನ್ನು ಜೆರ್ಸಿಯೊಳಗೆ ಇಟ್ಟುಕೊಳ್ಳುತ್ತಾರೆ. ಉಂಗುರಕ್ಕೆ ಮುತ್ತು ಕೊಡುತ್ತಾರೆ. ಕಪ್ ಗೆದ್ದ ರಾತ್ರಿ ಹೆಂಡತಿ ಮಕ್ಕಳು ಎಲ್ಲ ಹುಲ್ಲಿನ ಮೇಲೆ. ಎಲ್ಲರೂ ದಿನಾ ಹೇಳಿಕೊಳ್ಳುತ್ತಲೇ ಇದ್ದಾರೆ. ಹೇಳದೇ ಇರಬೇಕಾದವನು ಒಬ್ಬನೇ.

ಅಕ್ಕ: ಅದೇ. 2024ರಲ್ಲಿ ಕವಾಲೊ ತನ್ನ ಹುಡುಗನ ಮುಂದೆ ಅಡಿಲೇಡ್ ಮೈದಾನದಲ್ಲೇ ಮಂಡಿಯೂರಿದ. ಅದಕ್ಕೆ ಮಾತ್ರ ‘ಇದೆಲ್ಲ ಬೇಕಿತ್ತಾ’ ಅಂತ ಕಾಮೆಂಟ್.

ದೊಡ್ಡಪ್ಪ: ಬೆಬೆಟೊ ಮಾಡಿದ್ದು ಸಂತೋಷಕ್ಕೆ. ಇವರು ಮಾಡುವುದು ಸುದ್ದಿಗೆ.

ನಾನು: ಇಟಲಿಯ ಕ್ರೀಡಾ ಸಚಿವರೂ ಹೆಚ್ಚುಕಮ್ಮಿ ಇದನ್ನೇ ಹೇಳಿದ್ದರು. 2023ರಲ್ಲಿ ಜೆಕ್ ಆಟಗಾರ ಯಾಕುಬ್ ಯಾಂಕ್ಟೊ ಅಲ್ಲಿನ ಕಾಲ್ಯರಿ ಕ್ಲಬ್‌ಗೆ ಬಂದಾಗ, ಗೌರವ ಇದೆ, ಆದರೆ ತೋರಿಸಿಕೊಳ್ಳೋದು ಇಷ್ಟ ಇಲ್ಲ ಅಂತ. ಯಾಂಕ್ಟೊ ತೋರಿಸಿದ್ದೇನು? ಅದೇ ವರ್ಷ ಫೆಬ್ರವರಿಯಲ್ಲಿ ಒಂದು ಪುಟ್ಟ ವಿಡಿಯೊ ಹಾಕಿ, ನಾನು ಗೇ, ಇನ್ನು ಬಚ್ಚಿಟ್ಟುಕೊಳ್ಳಲಾರೆ ಅಂದ. ಆಮೇಲೆ ಸುಮ್ನೆ ಆಡಿದ. ಜೆಕ್ ತಂಡಕ್ಕೆ 45 ಪಂದ್ಯ ಆಡಿದವನು, ಸುದ್ದಿಗೆ ಏನು ಕಡಿಮೆ ಇತ್ತು?

ಚಿಕ್ಕಪ್ಪ: ನನ್ನ ಲೆಕ್ಕ ಬೇರೆ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಶುರುವಾಗಿದ್ದು 1992ರಲ್ಲಿ. ಈಗ 20 ಕ್ಲಬ್, ಒಂದೊಂದರಲ್ಲಿ 25 ಜನರವರೆಗೆ. ಇಷ್ಟು ವರ್ಷದಲ್ಲಿ ಆಡುತ್ತಿರುವಾಗ ಹೇಳಿಕೊಂಡವನು ಒಬ್ಬನೂ ಇಲ್ಲ. ಅಲ್ಲಿ ಆಡಿದ್ದ ಹಿಟ್ಸಲ್‌ಸ್ಪರ್ಗರ್ ಹೇಳಿದ್ದು 2014ರಲ್ಲಿ, ಬೂಟು ಬಿಚ್ಚಿಟ್ಟ ಮೇಲೆ. ಜರ್ಮನಿಗೆ 52 ಪಂದ್ಯ ಆಡಿದ್ದ, ಎಡಗಾಲಿನಲ್ಲಿ ಸಿಡಿಲು. ಅಂಥವನೇ ಕಾದ. ಹಾಗಾದರೆ ಇವರೆಲ್ಲ ಹೆದರುತ್ತಿರುವುದು ಯಾತಕ್ಕೆ?

ಭಾವ: ಕೋಟಿ ಕೋಟಿ ದುಡ್ಡು, ಹಿಂದೆ ಮುಂದೆ ಬಾಡಿಗಾರ್ಡು. ಇವರಿಗೇ ಧೈರ್ಯ ಇಲ್ಲದಿದ್ದರೆ ಯಾರಿಗಿರುತ್ತೆ? ಇಂಗ್ಲೆಂಡಿನ ಬ್ಲಾಕ್‌ಪೂಲ್ ಕ್ಲಬ್‌ನ ಆ ಹುಡುಗ ಹೇಳಲಿಲ್ವಾ?

ನಾನು: ಜೇಕ್ ಡೇನಿಯಲ್ಸ್. 2022ರ ಮೇ ತಿಂಗಳು, 17 ವರ್ಷ ಅವನಿಗೆ. ಅಮ್ಮನಿಗೂ ಅಕ್ಕನಿಗೂ ಹೇಳಿದ ಮರುದಿನವೇ ಯೂತ್ ತಂಡದ ಪಂದ್ಯದಲ್ಲಿ ನಾಲ್ಕು ಗೋಲು ಹೊಡೆದನಂತೆ. ತಲೆ ಮೇಲಿನ ಹೊರೆ ಇಳಿದರೆ ಕಾಲು ಹೇಗೆ ಓಡುತ್ತೆ ನೋಡಿ. ಆದರೆ ಬ್ರಿಟನ್‌ನಲ್ಲಿ ಅವನಿಗಿಂತ ಮುಂಚೆ ಆಡುತ್ತಿರುವಾಗಲೇ ಹೇಳಿದ ವೃತ್ತಿಪರ ಆಟಗಾರ ಯಾರು ಗೊತ್ತಾ? ಜಸ್ಟಿನ್ ಫಶಾನು, 1990ರಲ್ಲಿ. ನಡುವೆ 30 ವರ್ಷಕ್ಕಿಂತ ಜಾಸ್ತಿ ಖಾಲಿ.

ಅತ್ತೆ: ಯಾರಪ್ಪ ಅದು ಫಶಾನು?

ಚಿಕ್ಕಪ್ಪ: ಒಳ್ಳೇ ಆಟಗಾರ ಅಕ್ಕಾ. 1980ರಲ್ಲಿ ನಾರ್ವಿಚ್‌ಗೆ ಆಡುವಾಗ ನಮ್ಮ ಲಿವರ್‌ಪೂಲ್ ಮೇಲೆ ಒಂದು ಗೋಲು ಹೊಡೆದ. ಗೋಲಿಗೆ ಬೆನ್ನು ಹಾಕಿ ನಿಂತಿದ್ದವನು, ಚೆಂಡನ್ನು ಮೇಲಕ್ಕೆತ್ತಿ, ತಿರುಗಿ, ಎಡಗಾಲಲ್ಲಿ ಬಾರಿಸಿದ. ಆ ವರ್ಷದ ಅತ್ಯುತ್ತಮ ಗೋಲು ಅಂತ ಬಿಬಿಸಿ ಆರಿಸಿತು. ಪಂದ್ಯ ಗೆದ್ದಿದ್ದು ನಾವೇ, 5-3. ಮರುವರ್ಷ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಅವನಿಗೆ 10 ಲಕ್ಷ ಪೌಂಡ್ ಕೊಟ್ಟಿತು. ಬ್ರಿಟನ್‌ನಲ್ಲಿ ಅಷ್ಟು ಬೆಲೆ ಬಂದ ಮೊದಲ ಕಪ್ಪು ಆಟಗಾರ.

ನಾನು: ಅಲ್ಲಿನ ಮ್ಯಾನೇಜರ್ ಬ್ರಯಾನ್ ಕ್ಲಫ್‌ಗೆ ಇವನು ಗೇ ಕ್ಲಬ್‌ಗಳಿಗೆ ಹೋಗುತ್ತಾನೆ ಅಂತ ಗೊತ್ತಾಯಿತು. ತಂಡದ ಜೊತೆ ತರಬೇತಿಗೂ ಬಿಡಲಿಲ್ಲ. 1990ರಲ್ಲಿ ಪತ್ರಿಕೆಯಲ್ಲಿ ಹೇಳಿಕೊಂಡಾಗ ಒಡಹುಟ್ಟಿದ ತಮ್ಮನೇ, ಅವನೂ ಆಟಗಾರ, ಎಲ್ಲರೆದುರು ದೂರ ಮಾಡಿದ. 1998ರಲ್ಲಿ ಲಂಡನ್‌ನಲ್ಲಿ ಜೀವ ಕಳೆದುಕೊಂಡ. 37 ವರ್ಷ.

ಭಾವ: ಅವನ ಮೇಲೆ ಅಮೆರಿಕದಲ್ಲಿ ಏನೋ ಕೇಸ್ ಇತ್ತಲ್ಲ? ಅದನ್ನೂ ಹೇಳಬೇಕು.

ನಾನು: ಇತ್ತು ಭಾವ, ಸಣ್ಣದೇನಲ್ಲ. ಮೇರಿಲ್ಯಾಂಡ್‌ನಲ್ಲಿ 17 ವರ್ಷದ ಹುಡುಗ ಲೈಂಗಿಕ ದೌರ್ಜನ್ಯದ ದೂರು ಕೊಟ್ಟಿದ್ದ. ಫಶಾನು ಅದನ್ನು ಅಲ್ಲಗಳೆದು ಚೀಟಿ ಬರೆದಿಟ್ಟಿದ್ದ. ವಿಚಾರಣೆ ನಡೆಯಲೇ ಇಲ್ಲ. ಅದು ಒಂದು ಕಡೆ ಇರಲಿ. ಕ್ಲಫ್ ಬಾಗಿಲು ಹಾಕಿದ್ದು ಅದಕ್ಕೂ 15 ವರ್ಷಕ್ಕೂ ಜಾಸ್ತಿ ಮುಂಚೆ.

ಚಿಕ್ಕಪ್ಪ: ಅದು ಆ ಕಾಲ. ಈಗ ಹಾಗಿಲ್ಲ.

ನಾನು: ಸರಿ, ಆ ಕಾಲ ಬಿಡೋಣ. ಚಿಕ್ಕಪ್ಪ, ಇಂಗ್ಲೆಂಡ್ ಆಟಗಾರ ಗ್ರೇಮ್ ಲೆ ಸೋ ಕಥೆ ನೀವು ಹೇಳುತ್ತೀರೋ, ನಾನು ಹೇಳಲೋ?

ಚಿಕ್ಕಪ್ಪ: ಅದು ಮೈದಾನದ ಚೇಷ್ಟೆ ಕಣೋ. ಫೌಲರ್ ಹುಡುಗಾಟದವನು.

ಅಕ್ಕ: ಇವರು ಹೇಳಲ್ಲ, ನೀನೇ ಹೇಳು.

ನಾನು: ಲೆ ಸೋ ಗೇ ಅಲ್ಲ. ಹೆಂಡತಿ ಮಕ್ಕಳು ಇರೋ ಮನುಷ್ಯ. ಮಾಡಿದ ತಪ್ಪು ಅಂದರೆ ತಂಡದ ಬಸ್ಸಿನಲ್ಲಿ ಗಾರ್ಡಿಯನ್ ಪತ್ರಿಕೆ ಓದುತ್ತಿದ್ದ, ಉಳಿದವರ ಹಾಗೆ ಕುಡಿದು ಕುಣಿಯುತ್ತಿರಲಿಲ್ಲ. ಅಷ್ಟಕ್ಕೇ ಗುಸುಗುಸು ಎದ್ದಿತು. ವರ್ಷಗಟ್ಟಲೆ ಪ್ರೇಕ್ಷಕರು ಹಾಡು ಕಟ್ಟಿ ಕೂಗಿದರು. 1999ರ ಫೆಬ್ರವರಿ, ಚೆಲ್ಸಿ ಮೈದಾನದಲ್ಲಿ ಲಿವರ್‌ಪೂಲ್ ಪಂದ್ಯ. ಚೆಲ್ಸಿಯ ಲೆ ಸೋ ಫ್ರೀ ಕಿಕ್ ಹೊಡೆಯಲು ನಿಂತಿದ್ದಾನೆ. ಲಿವರ್‌ಪೂಲ್‌ನ ರಾಬಿ ಫೌಲರ್ ಎದುರಿಗೆ ಬಂದು ಹಿಂದಕ್ಕೆ ತಿರುಗಿ ಬಗ್ಗಿ, ಹಿಂಭಾಗ ತೋರಿಸಿದ. ಲೆ ಸೋ ಚೆಂಡು ಮುಟ್ಟಲಿಲ್ಲ, ಹಾಗೇ ನಿಂತ. ರೆಫರಿ ಓಡಿ ಬಂದು ಹಳದಿ ಕಾರ್ಡ್ ತೆಗೆದ. ಯಾರಿಗೆ ಹೇಳಿ?

ದೊಡ್ಡಪ್ಪ: ಫೌಲರ್‌ಗೆ.

ನಾನು: ಅಲ್ಲ. ಲೆ ಸೋಗೆ. ಹೊತ್ತು ಹಾಳು ಮಾಡುತ್ತಿದ್ದಾನೆ ಅಂತ.

ದೊಡ್ಡಪ್ಪ: ಇದು ಅನ್ಯಾಯ.

ಚಿಕ್ಕಪ್ಪ: ಆಮೇಲೆ ಲೆ ಸೋ ಫೌಲರ್‌ಗೆ ಮೊಣಕೈಯಲ್ಲಿ ಬಿಟ್ಟ, ಅದನ್ನೂ ಹೇಳು. ಇಬ್ಬರಿಗೂ ನಿಷೇಧ ಆಯ್ತು.

ನಾನು: ಹೌದು, ಬಿಟ್ಟ. ಅದು ಸರಿ ಅಂತ ನಾನು ಹೇಳಲ್ಲ. ಆದರೆ ಲಾಕರ್ ರೂಮಿನಲ್ಲಿ ಕೂತು ಇದನ್ನು ನೋಡಿದ ಇನ್ನೊಬ್ಬ ಹುಡುಗ ಇದ್ದ ಅಂದುಕೊಳ್ಳಿ. ನಿಜವಾಗಿ ಗೇ ಆಗಿದ್ದವನು. ಗೇ ಅಲ್ಲದವನಿಗೇ ಈ ಗತಿ, ತಿರುಗಿ ನೋಡಿದರೆ ರೆಫರಿಯೂ ಆ ಕಡೆಗೇ. ಅವನು ಬಾಯಿ ಬಿಡುತ್ತಾನಾ ಭಾವ? ಧೈರ್ಯದ ಪ್ರಶ್ನೆ ಕೇಳಬೇಕಾದ್ದು ಅವನಿಗಲ್ಲ.

ಭಾವ: 1999 ಅಂದರೆ ಅದೂ ಹಳೇದೇ ಆಯ್ತು. ಈಗ ಎಲ್ಲ ಕಡೆ ಗೇ ಜನರಿಗೆ ಬೆಂಬಲ ಅಂತ ಕಾಮನಬಿಲ್ಲು. ಬೂಟಿನ ಲೇಸು, ಕ್ಯಾಪ್ಟನ್ ತೋಳುಪಟ್ಟಿ, ಕಾರ್ನರ್ ಬಾವುಟ. ಇನ್ನೇನು ಬೇಕು ಅವರಿಗೆ?

ಅಕ್ಕ: ಅಯ್ಯೋ, ಆ ತೋಳುಪಟ್ಟಿ! 2022ರ ಕತಾರ್ ವಿಶ್ವಕಪ್ ನೆನಪಿಲ್ವಾ ನಿಮಗೆ? ಯೂರೋಪಿನ ಏಳು ತಂಡದ ಕ್ಯಾಪ್ಟನ್‌ಗಳು ತಾರತಮ್ಯ ಬೇಡ ಅನ್ನೋ ‘ಒನ್ ಲವ್’ ಪಟ್ಟಿ ಕಟ್ಟುತ್ತೇವೆ ಅಂತ ತಿಂಗಳುಗಟ್ಟಲೆ ಹೇಳಿದರು. ಕಟ್ಟಿದರೆ ಹಳದಿ ಕಾರ್ಡ್ ಬರಬಹುದು ಅಂತ ಫಿಫಾ ಗುರ್ ಅಂದಿದ್ದೇ ತಡ, ಏಳೂ ತಂಡ ಪಟ್ಟಿ ಕಟ್ಟದೆ ಹಿಂದೆ ಸರಿದವು.

ಚಿಕ್ಕಪ್ಪ: ವಿಶ್ವಕಪ್‌ನಲ್ಲಿ ಹಳದಿ ಕಾರ್ಡ್ ಅಂದರೆ ಸುಮ್ನೇನಾ? ಇನ್ನೊಂದು ಬಂದರೆ ಮುಂದಿನ ಪಂದ್ಯ ಇಲ್ಲ. ಜರ್ಮನಿಯವರು ಫೋಟೊಗೆ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತರಲ್ಲ.

ಅಕ್ಕ: ನಿಂತರು, ಜಪಾನ್ ಎದುರು 2-1 ಸೋತರು, ಆಮೇಲೆ ಮೂದಲಿಸಿದವರೇ ಜಾಸ್ತಿ. ಚಿಕ್ಕಪ್ಪ, ನಿಮ್ಮ ಲಿವರ್‌ಪೂಲ್ ಕ್ಯಾಪ್ಟನ್ ಆಗಿದ್ದ ಹೆಂಡರ್ಸನ್ ಏನು ಮಾಡಿದ, ಅದೂ ಹೇಳಲಾ?

ಚಿಕ್ಕಪ್ಪ: ಬೇಡ.

ಅಕ್ಕ: ವರ್ಷಗಟ್ಟಲೆ ಕಾಮನಬಿಲ್ಲಿನ ಲೇಸ್ ಕಟ್ಟಿ, ನಾನು ನಿಮ್ಮ ಜೊತೆ ಇದ್ದೇನೆ ಅಂದ. 2023ರಲ್ಲಿ ಸೌದಿಯ ಅಲ್ ಎತ್ತಿಫಾಕ್‌ಗೆ ಹೋದ. ಅಲ್ಲಿ ಗೇ ಸಂಬಂಧ ಅಪರಾಧ. ಆ ಕ್ಲಬ್ ಅವನನ್ನು ಸ್ವಾಗತಿಸಿ ಹಾಕಿದ ವಿಡಿಯೊದಲ್ಲಿ ಹಳೇ ತೋಳುಪಟ್ಟಿಯ ಕಾಮನಬಿಲ್ಲು ಬೂದು ಬಣ್ಣಕ್ಕೆ ತಿರುಗಿತ್ತು. ಆರು ತಿಂಗಳಲ್ಲಿ ಬಿಟ್ಟು ಬಂದ, ಅದು ಬೇರೆ.

ಚಿಕ್ಕಪ್ಪ: ಬೇಡ ಅಂದೆನಲ್ಲ.

ದೊಡ್ಡಪ್ಪ: ಇದಕ್ಕೇ ನಾನು ಹೇಳುವುದು. ಬಲವಂತವಾಗಿ ಬಣ್ಣ ಬಳಿದರೆ ಹೀಗೇ ಆಗುವುದು. ಫ್ರಾನ್ಸ್ ಲೀಗ್‌ನಲ್ಲಿ ಆಡುತ್ತಿದ್ದ ಮೊನಾಕೊದ ಮೊಹಮದ್ ಕಮಾರಾ 2024ರಲ್ಲಿ ಜೆರ್ಸಿ ಮೇಲಿನ ಚಿಹ್ನೆಗೆ ಟೇಪ್ ಅಂಟಿಸಿಕೊಂಡು ಆಡಿದ್ದಕ್ಕೆ ನಾಲ್ಕು ಪಂದ್ಯ ನಿಷೇಧ. ಅವನ ಧರ್ಮ ಒಪ್ಪುವುದಿಲ್ಲ. ಅವನಿಗೂ ಮನಸ್ಸು ಇರುತ್ತೆ ಅಲ್ವಾ?

ಅಕ್ಕ: ಮನಸ್ಸು ಇರಲಿ ದೊಡ್ಡಪ್ಪ. ಆ ಚಿಹ್ನೆ ಹೇಳಿದ್ದು ಗೇ ಅನ್ನೋ ಕಾರಣಕ್ಕೆ ಯಾರನ್ನೂ ಹೀಯಾಳಿಸಬೇಡಿ ಅಂತ. ಅಷ್ಟನ್ನೂ ಮುಚ್ಚಬೇಕಾ?

ನಾನು: ಇದರಲ್ಲಿ ನಾನು ಅರ್ಧ ದೊಡ್ಡಪ್ಪನ ಕಡೆ. ಟೇಪ್ ಅಂಟಿಸಿದ್ದು ಕೆಟ್ಟದ್ದೇ. ಆದರೆ ವರ್ಷಕ್ಕೊಂದು ವಾರಾಂತ್ಯ ಎಲ್ಲರಿಗೂ ಒಂದೇ ಅಂಗಿ ತೊಡಿಸುವುದರಿಂದ ಕ್ಲಬ್‌ಗೆ ಒಳ್ಳೇ ಫೋಟೊ ಸಿಗುತ್ತೆ, ಅಷ್ಟೇ. ಯಾರೂ ಏನೂ ಕಳೆದುಕೊಳ್ಳಲ್ಲ. ಏನಾದರೂ ಕಳೆದುಕೊಳ್ಳುವ ಹೊತ್ತು ಬಂದಾಗ ಯಾರು ನಿಲ್ಲುತ್ತಾರೆ ಅನ್ನೋದು ಪ್ರಶ್ನೆ. ಕತಾರ್‌ನಲ್ಲಿ ಒಂದು ಹಳದಿ ಕಾರ್ಡ್‌ಗೆ ಹಿಂದೆ ಸರಿದವರನ್ನು ನಂಬಿ ಇನ್ನೊಬ್ಬ ತನ್ನ ಇಡೀ ಆಟದ ಬದುಕನ್ನು ಇಡಬೇಕಾ? 2014ರಲ್ಲಿ ಕಪ್ ಎತ್ತಿದ ಜರ್ಮನಿ ಕ್ಯಾಪ್ಟನ್ ಫಿಲಿಪ್ ಲಾಮ್ 2021ರಲ್ಲಿ ಬರೆದದ್ದೂ ಅದೇ: ಆಡುತ್ತಿರುವಾಗ ಹೇಳಿಕೊಳ್ಳಿ ಅಂತ ನಾನು ಸಲಹೆ ಕೊಡಲಾರೆ ಅಂತ. ಅದಕ್ಕೆ ಬೈದವರು ಬಹಳ. ನನಗೆ ಅವನು ಇದ್ದದ್ದು ಇದ್ದ ಹಾಗೆ ಹೇಳಿದ ಅನ್ನಿಸಿತು.

ಭಾವ: ಹಾಗಾದರೆ ನೀನೂ ಸುಮ್ಮನಿರಿ ಅಂತಲೇ ಹೇಳಿದ ಹಾಗಾಯ್ತು. ಇಷ್ಟು ಹೊತ್ತು ವಾದ ಮಾಡಿದ್ದು ಯಾಕೆ?

ನಾನು: ಹೇಳುವುದೋ ಬಿಡುವುದೋ ಅವನಿಷ್ಟ. ಪಕ್ಕದಲ್ಲಿ ನಿಂತವರ ವಿಷಯ ನಾನು ಹೇಳುತ್ತಿರುವುದು. ನಿಂತವರೂ ಇದ್ದಾರೆ. 2020ರ ಸೆಪ್ಟೆಂಬರ್ 30, ಅಮೆರಿಕದ ಎರಡನೇ ದರ್ಜೆಯ ಲೀಗ್. ಸ್ಯಾನ್ ಡಿಯಾಗೊ ಲಾಯಲ್ ತಂಡದ ಕೋಚ್ ಲ್ಯಾಂಡನ್ ಡೊನೊವನ್.

ಚಿಕ್ಕಪ್ಪ: ಡೊನೊವನ್ ಗೊತ್ತು. 2010ರ ವಿಶ್ವಕಪ್‌ನಲ್ಲಿ ಅಮೆರಿಕಕ್ಕೆ ಆಡುತ್ತಾ ಅಲ್ಜೀರಿಯಾ ಮೇಲೆ ಕೊನೇ ಗಳಿಗೆಯಲ್ಲಿ ಗೋಲು.

ನಾನು: ಅವನೇ. ತಂಡದಲ್ಲಿ ಕಾಲಿನ್ ಮಾರ್ಟಿನ್ ಅಂತ ಮಿಡ್‌ಫೀಲ್ಡರ್, 2018ರಲ್ಲೇ ಗೇ ಅಂತ ಹೇಳಿಕೊಂಡವನು. ಫೀನಿಕ್ಸ್ ರೈಸಿಂಗ್ ಎದುರು ಪಂದ್ಯ. ಇವರು 3-1 ಮುಂದೆ. ಗೆದ್ದರೆ ಪ್ಲೇಆಫ್ ಆಸೆ ಜೀವಂತ. ವಿರಾಮಕ್ಕೆ ಸ್ವಲ್ಪ ಮುಂಚೆ ಎದುರು ತಂಡದವನೊಬ್ಬ ಮಾರ್ಟಿನ್‌ಗೆ ಹೊಲಸು ಬೈಗುಳ ಬೈದ. ಡೊನೊವನ್ ರೆಫರಿ ಹತ್ತಿರ ಹೋದ, ಎದುರು ಕೋಚ್ ಹತ್ತಿರ ಹೋದ. ನಿಮ್ಮವನನ್ನು ಹೊರಗೆ ಕೂರಿಸಿ ಅಂದ. ಆಗಲಿಲ್ಲ. ಎರಡನೇ ಅರ್ಧ ಶುರುವಾಯಿತು. ಸ್ಯಾನ್ ಡಿಯಾಗೊದವರೆಲ್ಲ ಒಂದು ಮಂಡಿ ಊರಿ ಕೂತರು, ಎದ್ದರು, ಮೈದಾನ ಬಿಟ್ಟು ನಡೆದರು. ಪಂದ್ಯ ಹೋಯ್ತು, ಪ್ಲೇಆಫ್ ಕೂಡ ಹೋಯ್ತು.

ದೊಡ್ಡಪ್ಪ: 3-1 ಮುಂದಿದ್ದಾಗ?

ನಾನು: ಮುಂದಿದ್ದಾಗಲೇ.

ದೊಡ್ಡಪ್ಪ: ಬೈದವನಿಗೆ ಏನು ಮಾಡಿದರು?

ನಾನು: ನಾನು ಬೈದಿಲ್ಲ ಅಂದ. ಲೀಗ್ ವಿಚಾರಣೆ ಮಾಡಿ ಆರು ಪಂದ್ಯ ನಿಷೇಧ ಹಾಕಿತು, ದಂಡವನ್ನೂ ಹಾಕಿತು.

ಚಿಕ್ಕಪ್ಪ: ಇದು ಎರಡನೇ ದರ್ಜೆ ಲೀಗ್ ಕಣೋ. ಅಲ್ಲಿ ಬಿಟ್ಟು ನಡೆಯಬಹುದು. ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನಲ್ಲಿ ಒಂದು ತಂಡ ಹೀಗೆ ನಡೆಯುತ್ತಾ? ಮಾಲೀಕರು ಬಿಡುತ್ತಾರಾ, ಟಿವಿಯವರು ಬಿಡುತ್ತಾರಾ? ನಾವು ಅಭಿಮಾನಿಗಳೇ ಬಿಡಲ್ಲ. ನಮ್ಮವರು 3-1 ಮುಂದಿದ್ದು ಎದ್ದು ಹೋದರೆ ನಾನೇ ಟಿವಿಗೆ ಚಪ್ಪಲಿ ಎಸೆಯುತ್ತೇನೆ. ಸುಳ್ಳು ಯಾಕೆ ಹೇಳಲಿ.

ಅಕ್ಕ: ಅಂದರೆ ನೀವು ಬಯ್ಯುವುದು ಯಾರನ್ನು ಚಿಕ್ಕಪ್ಪ? ಎದ್ದು ಹೋದವರನ್ನಾ, ಬೈದವನನ್ನಾ?

(ಚಿಕ್ಕಪ್ಪನ ಹೆಸರಿನ ಕೆಳಗೆ ಬಹಳ ಹೊತ್ತು ‘ಟೈಪಿಂಗ್’ ಅಂತ ಬರುತ್ತಿತ್ತು. ಏನೂ ಬರಲಿಲ್ಲ.)

ಭಾವ: ಆ ಸ್ಯಾನ್ ಡಿಯಾಗೊ ತಂಡ ಈಗ ಹೇಗಾಡುತ್ತಿದೆ?

ನಾನು: ಇಲ್ಲ ಭಾವ. 2023ರ ಸೀಸನ್ ಮುಗಿದ ಮೇಲೆ ಮುಚ್ಚಿದರು. ಈ ಗಲಾಟೆಗಲ್ಲ. ಅದೇ ಊರಿಗೆ ಅಲ್ಲಿನ ಮೊದಲ ದರ್ಜೆಯ ಲೀಗ್ ಎಂಎಲ್‌ಎಸ್‌ನ ದೊಡ್ಡ ತಂಡ ಬಂತು, ಇವರಿಗೆ ಜಾಗ ಉಳಿಯಲಿಲ್ಲ.

ದೊಡ್ಡಪ್ಪ: ಅವರು ಎದ್ದು ಹೋದ ವಿಡಿಯೊ ಇದ್ದರೆ ಕಳಿಸು. ನಾನು ಒಪ್ಪಿದೆ ಅಂತಲ್ಲ. ರೆಫರಿ ಏನು ಮಾಡುತ್ತಿದ್ದ ನೋಡಬೇಕು.